ಹನ್ನೊಂದು ಮಾರು ಆಳದ ಮೀನು

ಔರಾದ ಬಸ್ ನಿಲ್ದಾಣ
೫ ಏಪ್ರಿಲ್ ೨೦೨೫, ಶನಿವಾರ

ಪ್ರೀತಿಯ ತಹಮೀನಾ,

ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ, ನಾನೇ ತರುತ್ತಿದ್ದೇನೆ. ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವತನಕ ಹೊಸ್ತಿಲ ಹೊರಗೇ ನಿಲ್ಲುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿನಗೆ ಬಿಟ್ಟಿದ್ದು. ಮನೆತನಕ ಬಂದವಳು ಬಾಯಲ್ಲೇ ಹೇಳಬಾರದೇ ಎನ್ನುತ್ತೀ. ಬಾಯಿ ತೆರೆದರೆ ಇನ್ನೊಂದು ಸುಳ್ಳು ಹೊರಬೀಳುತ್ತದೆ, ಅದಕ್ಕೇ ಪೆನ್ನು ಹಿಡಿದಿದ್ದೇನೆ. ನಿನ್ನೆಯಿಂದ ಮೂರು ಸಲ ನಿನ್ನ ನಂಬರು ಒತ್ತಿ, ರಿಂಗಾಗುವ ಮೊದಲೇ ಬಂದ್ ಮಾಡಿದೆ.

ಇಲ್ಲಿ ಪರೀಕ್ಷೆ ಡ್ಯೂಟಿ ನಿನ್ನೆ ಮುಗಿಯಿತು. ಬೀದರ ಬಸ್ಸಿಗೆ ಇನ್ನೂ ಅರ್ಧ ತಾಸಿದೆ. ಕೂತಲ್ಲಿ ಕೂರಲಾಗದೆ ಎರಡು ಸಲ ಚಹಾ ಕುಡಿದೆ, ನಾಲ್ಕು ಸಲ ವಿಚಾರಣೆ ಕಿಟಕಿಗೆ ಹೋಗಿ ಬಸ್ಸು ಯಾವಾಗ ಎಂದು ಕೇಳಿದೆ. "ಬಾಯಾರ, ನೀವು ಕೇಳಿದ್ರ ಬಸ್ ಲಗೂನೆ ಬರ್ತದೇನ್ರಿ?" ಎಂದ ಅಲ್ಲಿದ್ದವನು.

ಗುರುವಾರ ನೀನು ಫೋನು ಮಾಡಿದಾಗಿನಿಂದ ಹೀಗೇ ಇದ್ದೇನೆ. ನಿನ್ನ ಮಾತು ಒಂದಕ್ಷರ ಮರೆತಿಲ್ಲ. "ಸೋಮವಾರ ಮೇಸ್ತ್ರಿ ಬರ್ತಾನ. ಇವರು ಬಾವಿ ಮುಚ್ಚಿಸಿ, ಮ್ಯಾಲ ಸ್ಲ್ಯಾಬ್ ಹಾಕಿ ಗಾಡಿ ನಿಲ್ಲಸ್ತಾರಂತ. ಆ ಮೀನಿಂದು ಸುದ್ದಿ ಏನರ ಬಂತೇನ ಈಶ್ವರಿ? ಬಂದಿದ್ರ ಹೇಳು, ಜಗಳಾಡಿ ನಿಲ್ಲಸ್ತೇನಿ. ಇಲ್ಲಾಂದ್ರ ಸುಮ್ನ ಆಗ್ತೇನಿ" ಎಂದೆ ನೀನು. ನಾನು ಏನು ಹೇಳಿದೆ? "ಏನಿಲ್ಲವಾ, ಅದು ಸಾದಾ ಮೀನಂತ. ಮುಚ್ಚಲಿ ಬಿಡು" ಎಂದೆ.

ಅದು ಸಾದಾ ಮೀನಲ್ಲ, ತಹಮೀನಾ. ಅಂಥದ್ದನ್ನು ಈವರೆಗೆ ಯಾರೂ ಕಂಡಂತಿಲ್ಲ ಎನ್ನುತ್ತಾರೆ. ಮೂರು ತಿಂಗಳಿಂದ ಇದು ನನಗೆ ಗೊತ್ತು.

ಹೋದ ವರ್ಷ ಜೂನಿನಲ್ಲಿ ಮಿರಗದ ಮಳೆ ಬಿದ್ದ ಮರುದಿನ ನಿನ್ನ ಕೊಡದಲ್ಲಿ ಬಂದ ಆ ಬೆರಳುದ್ದದ ಗುಲಾಬಿ ಮೀನು ನೆನಪಿದೆಯಲ್ಲ? ಕಣ್ಣಿರಬೇಕಾದ ಜಾಗದಲ್ಲಿ ಬರೀ ಚರ್ಮ. ಬೇರೆ ಯಾರಾದರೂ ಮೋರಿಗೆ ಚೆಲ್ಲುತ್ತಿದ್ದರು. ನೀನು ಶರಬತ್ತಿನ ಬಾಟಲಿಗೆ ಹಾಕಿ, ರೈಲು ಹತ್ತಿ, ಭಾಲ್ಕಿ ಸ್ಟೇಷನ್ನಿಗೆ ತಂದೆ. ಹಾದಿಯಲ್ಲೇ ಸತ್ತಿದ್ದಕ್ಕೆ ಕಣ್ಣೊರೆಸಿಕೊಂಡೆ. ಜೊತೆಗೆ ಮಗಳ ನೋಟುಬುಕ್ಕಿನ ಹಾಳೆಯಲ್ಲಿ ಎಲ್ಲ ಬರೆದು ತಂದಿದ್ದೆ: ದಿನ, ಹೊತ್ತು, ಕಲ್ಲಿನ ಸಂದಿಯಿಂದ ನೀರು ಬರುವ ದಿಕ್ಕು, ಹಗ್ಗವನ್ನು ಕೈಚಾಚಿ ಅಳೆದು ನೋಡಿದ ಆಳ. ತಳದವರೆಗೆ ಹನ್ನೊಂದು ಮಾರು.

ಕೊಳೆಯಬಾರದೆಂದರೆ ಸ್ಪಿರಿಟ್ಟಿನಲ್ಲಿಡಬೇಕು ಎಂದೆ. ನಿಮ್ಮ ಅತ್ತೆ ಅಕ್ತರಬೀ ಅಮ್ಮನಿಗೆ ಸ್ಪಿರಿಟ್ಟು ಎಂದರೆ ಶರಾಬೇ, ಬಾಗಿಲೊಳಗೆ ಬಿಡುವುದಿಲ್ಲ. ನಮ್ಮ ಅತ್ತೆಯವರು ಮೀನೆಂಬ ಮಾತು ಕೇಳಿದರೇ ಕೊರಳಿನ ಲಿಂಗ ಹಿಡಿದುಕೊಂಡು ಅಂಗಳಕ್ಕೆ ಓಡುತ್ತಾರೆ. ಶರಾಬಿನೊಳಗಿನ ಮೀನಿಗೆ ಎರಡೂ ಮನೆಯಲ್ಲಿ ಜಾಗವಿಲ್ಲವೆಂದು ಪ್ಲಾಟ್‌ಫಾರಂ ಮೇಲೆ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಕಡೆಗೆ ಅದು ನಮ್ಮ ಶಾಲೆಯ ಲ್ಯಾಬಿನ ಕಪಾಟು ಸೇರಿತು. ಕಪಾಟಿನ ಸಾಮಾನಿಗೆಲ್ಲ ಅಂಟಿಸುವ ಚೀಟಿಯನ್ನೇ ಅದಕ್ಕೂ ಅಂಟಿಸಿದೆ: ಶಾಲೆ, ಭಾಲ್ಕಿ.

ತಪ್ಪು ಅಲ್ಲಿಂದ ಶುರುವಾಯಿತು. ಸಂಶೋಧನೆಯವರಿಗೆ ಕಳಿಸುವಾಗ ಒಂದು ಫಾರ್ಮು ತುಂಬಬೇಕಿತ್ತು. ಕೊರಿಯರ್ ಅಂಗಡಿ ಮುಚ್ಚುವ ಹೊತ್ತು. ಅವಸರದಲ್ಲಿ ಚೀಟಿ ನೋಡಿ, ಎಲ್ಲಿ ಸಿಕ್ಕಿತು ಎಂಬಲ್ಲಿ ಶಾಲೆಯ ಬಾವಿ ಎಂದು ಬರೆದೆ. ಯಾರಿಗೆ ಸಿಕ್ಕಿತು ಎಂಬಲ್ಲಿ ನನ್ನ ಹೆಸರು. ಆಳ ಮಾತ್ರ ನಿನ್ನ ಹಾಳೆಯದು. ಅವಸರದ ತಪ್ಪು ಎಂದೇ ತಿಳಿ.

ಜನವರಿಯಲ್ಲಿ ಉತ್ತರ ಬಂತು: ಇದು ಹೊಸ ಜಾತಿಯ ಮೀನಿರಬಹುದು. ಇಪ್ಪತ್ತಾರನೇ ತಾರೀಖು ಝಂಡಾ ಏರಿಸಿದ ಮೇಲೆ ಹೆಡ್‌ಮಾಸ್ಟರು ನನಗೆ ಶಾಲು ಹೊದಿಸಿದರು. ನಾನು ತಲೆ ಬಗ್ಗಿಸಿ ಹೊದಿಸಿಕೊಂಡೆ.

ಕಳೆದ ತಿಂಗಳು ಡಾಕ್ಟರ್ ನಾಗಸೇನ ಎಂಬ ಸಂಶೋಧಕರು ಖುದ್ದು ಬಂದರು. ನಮ್ಮ ಕಮಲನಗರದ ಕಡೆಯವರೇ. ಎರಡು ದಿನ ಶಾಲೆಯ ಬಾವಿಗೆ ಬಲೆ ಇಳಿಸಿದರು. ಸಿಕ್ಕಿದ್ದು ಎರಡು ಚಪ್ಪಲಿ, ಒಂದು ಕಂಪಾಸ್ ಬಾಕ್ಸು. ಆಮೇಲೆ ಹಗ್ಗ ಇಳಿಸಿ ಅಳೆದರು. "ಬಾಯಾರ, ಹನ್ನೊಂದು ಮಾರು ಬರ್ದೀರಿ. ಇದು ಆರೇ ಅದಲ್ರಿ" ಎಂದರು. "ಹೂಳ ತುಂಬ್ಯದ್ರಿ" ಎಂದೆ. ಒಂಬತ್ತು ತಿಂಗಳಲ್ಲಿ ಐದು ಮಾರು ಹೂಳು! ಅವರು ಹಗ್ಗ ಸುತ್ತಿಕೊಂಡರು. "ಇರೋದು ಒಂದೇ ಮೀನು. ಜಾಗದ ಮ್ಯಾಲ ಭರೋಸಾ ಇಲ್ಲಾಂದ್ರ ನಂಗ ಏನೂ ಬರೀಲಾಕ ಬರಂಗಿಲ್ರಿ" ಎಂದು ಚೀಲ ಕಟ್ಟಿಕೊಂಡು ಹೋದರು.

ಈದ್‌ಗೆ ಶೀರ್ ಕುರ್ಮಾ ಕುಡಿಯಲು ಬರದೇ ಇದ್ದದ್ದು ಡ್ಯೂಟಿಯಿಂದಲ್ಲ. ಅವತ್ತು ರಜೆಯೇ ಇತ್ತು. ನಿಮ್ಮ ಅಂಗಳದಲ್ಲಿ ಆ ಬಾವಿಯ ಎದುರು ಕೂತು ಬಟ್ಟಲು ಹಿಡಿಯಲು ಧೈರ್ಯ ಸಾಲಲಿಲ್ಲ.

ಬಸ್ಸು ಬಂತು. ಇನ್ನು ಅಕ್ಷರ ಕುಣಿದರೆ ರಸ್ತೆಯನ್ನು ಬೈಯಿ.

ಸಂತಪುರ ದಾಟುತ್ತಿದ್ದೇವೆ. ಈಗ ನಾಗಸೇನರಿಗೆ ಮೆಸೇಜು ಕಳಿಸಿದೆ: ಜಾಗ ತಪ್ಪು, ಹೆಸರೂ ತಪ್ಪು, ಮೀನು ಬೀದರದ ಓಣಿಯೊಂದರ ಮನೆಯ ಬಾವಿಯದು, ಸೋಮವಾರ ಅದನ್ನು ಮುಚ್ಚುತ್ತಾರೆ. ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ಮುಖ ನೋಡಿ, "ಯಾರರ ತೀರಿಕೊಂಡ್ರೇನವಾ?" ಎಂದು ಕೇಳಿದಳು. ಇಲ್ಲವೆಂದೆ. ಶಾಲೆಯಲ್ಲಿ ನನ್ನ ಮಾನ ಹೋಗುತ್ತದೆ, ಹೋಗಲಿ. ಅವರ ಉತ್ತರ ಇನ್ನೂ ಬಂದಿಲ್ಲ. ಐದು ನಿಮಿಷಕ್ಕೊಮ್ಮೆ ನೋಡುತ್ತಿದ್ದೇನೆ.

ನೀನು ಮಾತ್ರ ಮೇಸ್ತ್ರಿಯನ್ನು ನಿಲ್ಲಿಸು. ನಿನ್ನ ಗಂಡ ಕುತುಬೋದ್ದೀನ ಭಾಯಿ ಜೊತೆ ಜಗಳಾಡು, ಬೇಕಾದರೆ ಸಿಟ್ಟೆಲ್ಲ ನನ್ನ ಮೇಲೆ ಹಾಕು. ಹಾಳೆಯ ಹಿಂದೆ ನಾಗಸೇನರ ನಂಬರು ಬರೆದಿದ್ದೇನೆ. ಆಳ ಎಷ್ಟೆಂದು ಅವರು ಮತ್ತೆ ಕೇಳುತ್ತಾರೆ. ಈ ಸಲ ಅಳೆದವಳೇ ಹೇಳಲಿ.

ನಿನ್ನ ಬೆಂಚಿನ ಗೆಳತಿ,
ಈಶ್ವರಿ

ತಾ.ಕ.: ಬೀದರ ಬಂತು. ಇಳಿಯುವ ಮೊದಲು ಇನ್ನೊಂದು. ಅವಸರದ ತಪ್ಪು ಎಂದು ಮೇಲೆ ಬರೆದೆನಲ್ಲ, ಅದೂ ಸುಳ್ಳು. ಕೊರಿಯರ್ ಅಂಗಡಿ ಮುಚ್ಚಲು ಇನ್ನೂ ಎರಡು ತಾಸಿತ್ತು. ನಾನು ಎರಡು ಫಾರ್ಮು ತುಂಬಿದ್ದೆ. ಮೊದಲನೆಯದರಲ್ಲಿ ಎಲ್ಲ ಸರಿಯಾಗಿತ್ತು: ನಿನ್ನ ಹೆಸರು, ನಿನ್ನ ಬಾವಿ. ಓದು ಎಂಬಲ್ಲಿ ಎಸ್ಸೆಸ್ಸೆಲ್ಸಿ ಎಂದು ಬರೆಯುವಾಗ, ಆ ವರ್ಷ ವಿಜ್ಞಾನದಲ್ಲಿ ನಿನಗೆ ತೊಂಬತ್ತೆರಡು, ನನಗೆ ಅರವತ್ತೊಂದು ಬಂದದ್ದು ನೆನಪಾಯಿತು. ನೀನು ಮದುವೆಯಾಗಿ ಹೋದೆ, ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವ ಬಾಯಾರಾದೆ. ಆದರೂ ಮೀನು ಬಂದದ್ದು ನಿನ್ನ ಕೊಡಕ್ಕೇ. ಹೊಟ್ಟೆ ಉರಿಯಿತು ತಹಮೀನಾ. ಇನ್ನೊಂದು ಫಾರ್ಮು ತೆಗೆದುಕೊಂಡೆ. ಮೊದಲನೆಯದನ್ನು ಹರಿಯಲು ಕೈ ಬರಲಿಲ್ಲ, ಹತ್ತು ತಿಂಗಳಿಂದ ನನ್ನ ಚೀಲದಲ್ಲೇ ಇದೆ. ಇದರ ಜೊತೆ ಇಟ್ಟಿದ್ದೇನೆ. ನಿನ್ನ ಸಹಿ ಒಂದೇ ಬಾಕಿ. ಪೆನ್ನು ತಂದಿದ್ದೇನೆ, ಬಾಗಿಲಲ್ಲೇ ಇದ್ದೇನೆ.