ಕಡೆಯ ಸಾಲು ಬಿಟ್ಟ ಹೊದಿಕೆ

ಬಿಳೂರ, ತಾ. ಜತ್ತ
೯ ಡಿಸೆಂಬರ ೧೯೫೩

ತಾಯಿಗೆ ಸಮಾನಳಾದ ನೀಲವ್ವ ಅಕ್ಕನಿಗೆ ತಂಗಿ ಗಿರಿಜವ್ವನ ಶರಣಾರ್ಥಿ.

ಬಾಲಗಾಂವಿಗೆ ಹೊರಟ ಶಂಕರೆಪ್ಪ ಮಾವನ ಗಾಡಿಯಲ್ಲಿ ನಿನ್ನ ಹೊದಿಕೆ ಕಳಿಸುತ್ತಿದ್ದೇನೆ. ಕೆಂಪು, ಬಿಳಿ ಉಣ್ಣೆಯಲ್ಲಿ ನೀನು ಕ್ರೋಶಾ ಹಾಕಿದ್ದು, ಕೂಸಿನ ಹೆಸರಿಟ್ಟ ದಿನ ಇಲ್ಲೇ ಬಿಟ್ಟು ಹೋದದ್ದು. ಕೆಂಪು ಬಿಳಿಗೆ ಹತ್ತೀತೆಂದು ಅಂಜಿ ಒಗೆದಿಲ್ಲ.

ಕಡೆಯ ಸಾಲು ನೀನು ಬಿಟ್ಟಲ್ಲೇ ಇದೆ. "ಕೂಸು ನಮ್ಮ ಮನಿಗಿ ಬಂದ ದಿನ ಅದನ್ನ ಹಾಕತೀನಿ" ಅಂದಿದ್ದೆಯಲ್ಲ, ಆ ನೂಲಿನ ತುದಿಗೆ ನಾನು ಗಂಟು ಕೂಡ ಹಾಕಿಲ್ಲ.

"ಕೂಸು ಕೊಡಾಕ ಅತ್ತಿ ಒಲ್ಲೆ ಅಂದ್ರು, ನಾ ಏನ ಮಾಡ್ಲಿ" ಎಂದು ಆ ದಿನ ನಾನು ನಿನಗೆ ಹೇಳಿದ್ದು ಸುಳ್ಳು. ಅತ್ತೆಯವರು ಅಂದದ್ದೇ ಬೇರೆ. "ಆಕಿಗಿ ಮಕ್ಕಳಿಲ್ಲ. ಮೂರನೇ ಕೂಸು ಆಕಿ ಉಡ್ಯಾಗ ಹಾಕತೀನಿ ಅಂತ ಮಾತ ಕೊಟ್ಟೀದಿ, ನಡಸು" ಅಂದರು. ಕೂಸಿಗೆ ಈ ಹೊದಿಕೆಯನ್ನೇ ಸುತ್ತಿ ಒಳಬಾಗಿಲ ತನಕ ಎತ್ತಿಕೊಂಡು ಬಂದೆ. ಸಂದಿಯಿಂದ ನೋಡಿದರೆ ಪಡಸಾಲೆಯಲ್ಲಿ ನೀನು ಉಡಿ ಒಡ್ಡಿ ಕುಳಿತಿದ್ದೆ. ಕೂಸು ನನ್ನ ಬೆರಳು ಹಿಡಿದುಕೊಂಡಿತ್ತು. ನಾನೇ ಹಿಂದಕ್ಕೆ ತಿರುಗಿದೆ.

ಅಂದಿನಿಂದ ನೀನು ಅತ್ತೆಯವರೊಡನೆ ಮಾತು ಬಿಟ್ಟಿದ್ದೀ. ಸಂತೆಯಲ್ಲಿ ಸಿಕ್ಕರೆ ಅವರನ್ನು ಮಾತಾಡಿಸು. ಬಿಡುವುದಿದ್ದರೆ ನನ್ನ ಸಂಗಡ ಬಿಡು.

ಹೊದಿಕೆಯನ್ನು ಗಂಟು ಕಟ್ಟಿದ್ದೇನೆ, ನೀನೇ ಬಿಚ್ಚು. "ಮಂದಿ ಸಾಮಾನ ಬರಿದ ತಿರುಗಿ ಕಳಸಬಾರದು" ಎಂದು ಅವ್ವ ಹೇಳುತ್ತಿದ್ದಳಲ್ಲ. ಅದಕ್ಕೇ ಒಳಗೆ ಒಂದು ಪೆಂಟೆ ಬೆಲ್ಲ ಇಟ್ಟಿದ್ದೇನೆ. ಇಡಬೇಕಾದದ್ದನ್ನು ಇಡುವುದು ನನ್ನಿಂದ ಆಗಲಿಲ್ಲ.

ಮಾತು ತಪ್ಪಿದ ನಿನ್ನ ತಂಗಿ,
ಗಿರಿಜವ್ವ