ಬಂಡೆಯ ಮಗ್ಗುಲ ಹುಲ್ಲು

ಸಾವಿರದ ಇನ್ನೂರ ನಾಲ್ಕನೇ ಕೊಯ್ಲಿನ ಹತ್ತನೇ ದಿನ,
ಬಸರೀಹಟ್ಟಿ ಕಾವಲು

ಸಣ್ಣೋಬಕ್ಕಜ್ಜಿಗೆ, ನಿಮ್ಮ ಮರಿಮಗಳ ಮರಿಮಗಳು ಗಾದ್ರಮ್ಮ ಮಾಡುವ ನಮಸ್ಕಾರಗಳು.

ಈ ಕಾಗದ ನೂರೈವತ್ತು ವರ್ಷ ಹಿಂದಕ್ಕೆ ಬಂದು ನಿಮ್ಮನ್ನು ಸೇರುವ ಹೊತ್ತಿಗೆ ನೀವಿನ್ನೂ ಹರೆಯದ ಹೆಂಗಸಾಗಿರುತ್ತೀರಿ. ಅಜ್ಜಿ ಎಂದದ್ದಕ್ಕೆ ಬೇಸರಿಸಬೇಡಿ; ಬೇರೆ ರೀತಿ ಕರೆದು ನನಗೆ ಅಭ್ಯಾಸವಿಲ್ಲ. ಮೇಲಿನ ತಾರೀಖೂ ವಿಚಿತ್ರವೆನಿಸಬಹುದು, ಮನ್ನಿಸಿ. ನೀವು ಮೊದಲ ಸಲ ಸೀಮೆಹುಲ್ಲು ಕೊಯ್ದ ದಿನದಿಂದ ನಮ್ಮ ಎಣಿಕೆ. ನಲವತ್ತೈದು ದಿನಕ್ಕೊಂದು ಕೊಯ್ಲು, ಎಂಟು ಕೊಯ್ಲಿಗೆ ಒಂದು ವರ್ಷ. ನನಗೀಗ ಮುನ್ನೂರ ಎಪ್ಪತ್ತು ಕೊಯ್ಲು, ಮೊಣಕಾಲು ನೋವು ಬೇರೆ. ಒಂದು ವರ್ಷದಿಂದ ಕೊಯ್ಯಲು ಹುಲ್ಲೇ ಇಲ್ಲ, ಎಣಿಕೆ ಮಾತ್ರ ಬಿಟ್ಟಿಲ್ಲ.

ಇಲ್ಲಿ ನಾನು ಬುಡಗಾತಿ. ಹುಲ್ಲಿನ ಬುಡ ಕಾಯುವವಳನ್ನು ಹಾಗೆನ್ನುತ್ತಾರೆ. ಇಬ್ಬನಿ ಆರಿದ ಮೇಲೆ ಕೊಯ್ಲಿಗೆ ಇಳಿಯುವುದು, ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯುವುದು, ಕೊಯ್ದ ಸಾಲಿಗೆ ಸಗಣಿನೀರು ಬಿಡುವುದು, ಬುಡ ಸತ್ತಲ್ಲಿ ಎರಡು ಗಿಣ್ಣಿನ ತುಂಡು ಊರುವುದು, ಇದೇ ನನ್ನ ಜೀವನವಾಗಿತ್ತು. ಹೂ ಬಂದರೆ ಹುಲ್ಲು ಒರಟಾಗುತ್ತದೆಂದು ಯಾವತ್ತೂ ಹೂವಿಗೆ ಬಿಡುತ್ತಿರಲಿಲ್ಲ. ತುಂಡಿನಿಂದ ತುಂಡು ನೆಟ್ಟು ನೆಟ್ಟು ಇಡೀ ಮೇವಿನ ಕಾವಲೇ ಒಂದೇ ಗಿಡದಂತಾಗಿತ್ತು. ಜಿಗಿಹುಳು ಕುಳ್ಳುರೋಗ ಹೊತ್ತು ತಂದಾಗ ಒಂದು ಬುಡವೂ ತಡೆಯಲಿಲ್ಲ. ಆಳೆತ್ತರ ಬೆಳೆಯುತ್ತಿದ್ದ ಹುಲ್ಲು ಹಳದಿಯಾಗಿ ಮೊಣಕಾಲೂ ಮುಟ್ಟಲಿಲ್ಲ. ದನಗಳು ಈಗ ಜಾಲಿಸೊಪ್ಪು ತಿಂದು ನಿಂತಿವೆ.

ನಿಮ್ಮನ್ನು ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ಉಳಿದದ್ದೇ ನಿಮ್ಮಿಂದ. ಹೊಲದ ತುಂಬ ಸೀಮೆಹುಲ್ಲು ನೆಡುವಾಗ ಕರಿಬಂಡೆಯ ಮಗ್ಗುಲಲ್ಲಿದ್ದ ಹಳೇ ಅಂಜನ ಹುಲ್ಲಿನ ಒಂದು ಬುಡವನ್ನು ನೀವು ಕೀಳದೆ ಬಿಟ್ಟಿರಂತೆ. ಬಂಡೆಗೆ ತಾಗಿ ಗುದ್ದಲಿಯ ಬಾಯಿ ಹೋಗುತ್ತದೆ ಎಂದಿರಂತೆ. ಸೋಮಾರಿತನವೆಂದು ಊರವರು ನಕ್ಕರಂತೆ. ಕೆಲಸ ಅರ್ಧಕ್ಕೆ ಬಿಟ್ಟವರನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಸಣ್ಣೋಬಕ್ಕ ಎಂದೇ ಛೇಡಿಸುತ್ತೇವೆ. ಆ ಬುಡ ತಾನೇ ಬೀಜ ಉದುರಿಸಿಕೊಂಡು, ಇಷ್ಟು ತಲೆಮಾರು ಬಂಡೆಯ ಸುತ್ತ ಮನೆಯ ಒಂದು ಅಂಕಣದಷ್ಟು ಜಾಗದಲ್ಲಿ ಬದುಕಿತ್ತು. ರೋಗ ಅದನ್ನು ಮುಟ್ಟಲಿಲ್ಲ. ಬೇರೆಲ್ಲಿ ಹುಡುಕಿದರೂ ಆ ಹುಲ್ಲು ಸಿಗಲಿಲ್ಲ. ಅದರ ಬೀಜ ಬಲಿತರೆ ಮೊದಲ ಮಳೆಗೆ ಕಾವಲಿಗೆಲ್ಲ ಎರಚಬಹುದೆಂದು ಲೆಕ್ಕ ಹಾಕಿ, ಕಾಯಲು ಹಟ್ಟಿಯವರು ನನ್ನನ್ನೇ ನೇಮಿಸಿದರು.

ತೆನೆ ಹಾಲುಗಟ್ಟಿದ್ದ ದಿನಗಳಲ್ಲಿ ನನ್ನ ಕೆಂದಿ ಹಸು ಕರು ಹಾಕಿತು. ಕೆಚ್ಚಲಲ್ಲಿ ಹಾಲಿಲ್ಲ. ಕರು ಚೀಪಿ ಚೀಪಿ ಸೋತು ಮಲಗಿತು. ಬೀಜ ಬಲಿಯಲು ಇನ್ನು ಹದಿನೈದು ದಿನ ಬೇಕಿತ್ತು, ಕರುವಿಗೆ ಎರಡು ದಿನವೂ ಇರಲಿಲ್ಲ. ಮಟಮಟ ಮಧ್ಯಾಹ್ನ ಕೆಂದಿಯನ್ನು ಹಿಡಿದುಕೊಂಡು ಬಂಡೆಯ ಹತ್ತಿರ ಹೋದೆ. ಒಂದೇ ಹಿಡಿ ಎಂದುಕೊಂಡೆ. ಅದು ತಿನ್ನುವುದನ್ನು ನೋಡುತ್ತಾ ನೋಡುತ್ತಾ ಎಲ್ಲವನ್ನೂ ಕೊಯ್ದೆ.

ಹಟ್ಟಿಯ ಹಿರಿಯ ಸೂರಯ್ಯಜ್ಜ ಬಂದು ನೋಡಿದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. "ಕೊಯ್ದಿದ್ದು ಕೊಯ್ದೆ ಬಿಡವ್ವ. ಬುಡನಾದ್ರೂ ಬಿಟ್ಟಿದೀಯಾ?" ಎಂದಷ್ಟೇ ಕೇಳಿದರು. ಬಿಟ್ಟಿರಲಿಲ್ಲ. ಊರಿಗೆಲ್ಲ ಗೇಣಿನ ಪಾಠ ಹೇಳುವ ನಾನು ನೆಲಕ್ಕೆ ಹತ್ತಿಸಿ ಕೊಯ್ದಿದ್ದೆ. ಮಿಕ್ಕದ್ದನ್ನು ಕೆಂದಿ ಬೇರುಸಹಿತ ಕಿತ್ತಿತ್ತು.

ಕರು ಬದುಕಿತು. ಅದು ಕುಣಿಯುವುದನ್ನು ನೋಡಿದರೆ ಸಂತೋಷವಾಗುತ್ತದೆ, ಹಿಂದೆಯೇ ಕಣ್ಣು ಬಂಡೆಯ ಕಡೆ ಹೋಗುತ್ತದೆ. ಮಳೆ ಬಂದು ಹೋಯಿತು, ಬಂಡೆಯ ಸುತ್ತ ಏನೂ ಚಿಗುರಲಿಲ್ಲ. ಬರುವ ಕೊಯ್ಲಿಗೆ ದನಗಳನ್ನು ಹೊಳೆಯಾಚೆಯ ಊರುಗಳಿಗೆ ಹಂಚುತ್ತಾರೆ. ದನದ ಹಿಂದೆ ಜನವೂ ಹೋಗಬೇಕು, ಹಟ್ಟಿ ಖಾಲಿಯಾಗುತ್ತದೆ. ಯಾರೂ ನನ್ನ ಹೆಸರೆತ್ತುವುದಿಲ್ಲ. ಎತ್ತಿ ಬೈದಿದ್ದರೆ ವಾಸಿಯಿತ್ತು.

ಅಜ್ಜಿ, ನಿಮ್ಮಲ್ಲಿ ಒಂದೇ ಬೇಡಿಕೆ. ಹುಲ್ಲು ಕೀಳುತ್ತಾ ಬಂಡೆಯ ಹತ್ತಿರ ಬಂದಾಗ ಇನ್ನೂ ಸ್ವಲ್ಪ ಸೋಮಾರಿಯಾಗಿ. ನಗುವವರು ನಗಲಿ. ಬಂಡೆಯ ಮಗ್ಗುಲಲ್ಲಿ ಒಂದು, ಆಚೆ ಕೊರಕಲಿನಲ್ಲಿ ಇನ್ನೊಂದು, ಎರಡು ಬುಡ ಬಿಡಿ. ಎರಡನೆಯದರ ಜಾಗವನ್ನು ಊರಿಗೆಲ್ಲ ಹೇಳಿ, ನಮ್ಮ ಮನೆಯವರಿಗೆ ಮಾತ್ರ ಹೇಳಬೇಡಿ. ಕರು ಹಸಿದು ಮಲಗಿದರೆ ಮೊದಲನೆಯದನ್ನು ನಾನು ಮತ್ತೆ ಕೊಯ್ದುಬಿಡುತ್ತೇನೆ.

ನಿಮ್ಮ
ಗಾದ್ರಮ್ಮ