ಮಡಚುವ ದೋಣಿಯ ಸದ್ದು

ಯಲಹಂಕ
11-2-2014

ಭಾವನಿಗೆ ಮಾಧವನ ನಮಸ್ಕಾರ.

ಸಮುದ್ರವೇ ಇಲ್ಲದ ಈ ಊರಿನ ಶೆಡ್ಡಿನಲ್ಲಿ ನಾವು ಕಟ್ಟುತ್ತಿರುವ ಹಾಯಿದೋಣಿಗೆ ಮೂರು ಒಡಲು. ಪಕ್ಕದ ಎರಡು ಸಣ್ಣ ಒಡಲುಗಳನ್ನು ನಡುವಿನದಕ್ಕೆ ಉದ್ದನೆಯ ಕೈಗಳು ಹಿಡಿದಿರುತ್ತವೆ. ಕೈ ಮಡಚಿದರೆ ಇಡೀ ದೋಣಿ ಲಾರಿ ಏರುತ್ತದೆ. ಆ ಕೈಯೊಳಗೆ ಮರವಿಲ್ಲ, ಬರೀ ಫೋಮು. ಅದರ ಮೇಲೆ ಫೈಬರ್ ಬಟ್ಟೆ ಮತ್ತು ಅಂಟು. ಒಬ್ಬನೇ ಹೆಗಲ ಮೇಲೆ ಹೊತ್ತು ತಿರುಗಬಹುದು. ಮರದ ದೋಣಿ ಕಟ್ಟುವಾಗ ನೀವು ಕಲಿಸಿದಂತೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಕೊಳೆತ ಹಲಗೆಯದೇ ಸದ್ದು. ಇದು ಅಲೆ ತಡೆಯುವುದಿಲ್ಲ ಎಂದು ಹಟ ಹಿಡಿದೆ.

ನಿನ್ನೆ ಧಣಿ ತಾಜುದ್ದೀನ್ ಸಾಹೇಬರು ದೋಣಿಯ ಅಂಥದೊಂದು ಕೈಯ ಎರಡೂ ತುದಿಗಳನ್ನು ಇಟ್ಟಿಗೆಗಳ ಮೇಲಿಟ್ಟು, ಎದುರಿನ ಬಸ್‌ಸ್ಟಾಪಿನಲ್ಲಿದ್ದವರನ್ನೆಲ್ಲ ಕರೆದು ಅದರ ಮೇಲೆ ಸಾಲಾಗಿ ಕೂರಿಸಿದರು. ಹೂ ಮಾರುವ ದ್ರೌಪದಮ್ಮ ಬುಟ್ಟಿ ಸಮೇತ ಕೂತು, “ಬೆಂಚು ಚೆನ್ನಾಗೈತೆ ಕಣಪ್ಪ, ಸ್ಟಾಪಲ್ಲೇ ಹಾಕ್ಬಿಡಿ” ಎಂದರು. ಕೊನೆಗೆ ನನ್ನನ್ನೂ ಕೂರಿಸಿದರು. ಮುರಿಯಲಿಲ್ಲ. “ಈಗಾದ್ರೂ ನಂಬ್ತೀರಾ ಮಾಧವಣ್ಣ?” ಎಂದರು ಸಾಹೇಬರು. ಎಲ್ಲರೂ ಎದ್ದು ಹೋದ ಮೇಲೆ ಮತ್ತೆ ತಟ್ಟಿದೆ. ಅದೇ ಸದ್ದು.

ಫೈಬರ್ ಧೂಳಿಗೆ ಮೈಯೆಲ್ಲ ತುರಿಕೆ, ಸರಿಯಾಗಿ ನಿದ್ದೆಯಿಲ್ಲ, ಸಾಕಾಗಿ ಹೋಗಿದೆ. ಅಕ್ಕನಿಗೆ ಹೇಳಿ ಒಂದು ಬಾಟಲಿ ತೆಂಗಿನೆಣ್ಣೆ ಕಳಿಸಿ.

ಮುಂದಿನ ತಿಂಗಳು ದೋಣಿ ನಿಮ್ಮ ಗಂಗೊಳ್ಳಿಗೇ ಬರುತ್ತದೆ. ಮೊದಲ ಸಲ ಕಡಲಿಗೆ ಇಳಿಸುವಾಗ ಅದರಲ್ಲಿ ನಾನೂ ಇರಬೇಕಂತೆ. ಕಾರ್ಡು ತುಂಬಿತು, ಇನ್ನೊಂದೇ ಮಾತು: ನೋಡಲು ಬನ್ನಿ ಭಾವ, ತಟ್ಟಬೇಡಿ.

ಮಾಧವ